ಹೋದಿರಾ, ಬಂತಾ

ಯಲಹಂಕದ ಒಂದು ಖಾಸಗಿ ಆಸ್ಪತ್ರೆಗೆ ನಸೀಮಾ ನರ್ಸಾಗಿ ಸೇರಿದ್ದು ೧೯೯೮ರ ಜೂನ್ ೮, ಸೋಮವಾರ. ಅಂದಿನಿಂದ ಆಕೆ ಹನ್ನೊಂದು ಮಂದಿ ಆಡಳಿತಾಧಿಕಾರಿಗಳನ್ನೂ ನಾಲ್ಕು ಬಗೆಯ ನಮೂನೆಗಳನ್ನೂ ಕಂಡಿದ್ದಾಳೆ. ಎರಡರಲ್ಲೂ ಬುದ್ಧಿ ಬೆಳೆದದ್ದನ್ನು ಕಂಡಿಲ್ಲ. ಈಗಿನ ನಮೂನೆ ಜಾರಿಗೆ ಬಂದದ್ದು ೨೦೨೩ರ ಜನವರಿ ೨ರಂದು. ಶಸ್ತ್ರಚಿಕಿತ್ಸೆಯಾದವರ ಮೂತ್ರಕೋಶ ಮತ್ತೆ ಕೆಲಸ ಹಿಡಿಯಿತೇ ಎಂದು ತಿಳಿಯಲು ಅದರಲ್ಲಿರುವುದು ಒಂದೇ ಪ್ರಶ್ನೆ, ‘ಮೂತ್ರಕ್ಕೆ ಹೋದರೇ?’, ಪಕ್ಕದಲ್ಲಿ ಗುರುತು ಹಾಕಲು ಪುಟ್ಟ ಚೌಕ.

ಮಾರ್ಚ್ ೧೪, ಮಂಗಳವಾರ, ಚಿಕ್ಕಜಾಲದ ಆನಂದಪ್ಪನವರ ಚೌಕಕ್ಕೆ ಗುರುತು ಬಿದ್ದಿತ್ತು. ಹಿಂದಿನ ದಿನ ಅವರಿಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿತ್ತು. ಬೆಳಿಗ್ಗೆ ಆರಕ್ಕೆ ಮೂತ್ರದ ನಳಿಕೆ ತೆಗೆದಿದ್ದರು. ಹನ್ನೆರಡರೊಳಗೆ ಮಂಚ ಖಾಲಿಯಾಗಬೇಕೆಂಬುದಷ್ಟೇ ವೈದ್ಯಶಾಸ್ತ್ರವೆಂದು ತಿಳಿದಿದ್ದ ಡಾಕ್ಟರ್ ಮುನೀಂದ್ರ, ಬಿಡುಗಡೆಯ ಪತ್ರಕ್ಕೆ ಸಹಿ ಹಾಕಲು ಲೇಖನಿ ತೆಗೆದರು. ನಸೀಮಾಳ ಕಣ್ಣು ರೋಗಿಯ ಹಣೆಯ ಬೆವರಿನ ಮೇಲಿತ್ತು. ಕಿಬ್ಬೊಟ್ಟೆ ಮುಟ್ಟಿ ನೋಡಿದಳು. ಗಾಳಿ ತುಂಬಿದ ಚೆಂಡಿನಂತೆ ಬಿಗಿದಿತ್ತು. ಹೀಗೆಯೇ ಮನೆಗೆ ಕಳುಹಿಸಿದರೆ, ಹಿಗ್ಗಿದ ಮೂತ್ರಕೋಶ ಕುಗ್ಗುವುದನ್ನೇ ಮರೆತೀತು ಎಂಬುದು ಆಕೆಗೆ ಗೊತ್ತಿತ್ತು. ಬೆಳಿಗ್ಗೆ ಹೋದೆನೆಂದು ಹೇಳಿದಿರಂತಲ್ಲ ಎಂದು ಕೇಳಿದಳು.

“ಮೂರ್ ಕಿತ ಓಗಿದ್ದೆ ಕಣಮ್ಮ. ಓದ್ರಾ ಅಂದ್ರು, ಊಂ ಅಂದೆ. ಬಂತಾ ಅಂತ ಯಾರ್ ಕೇಳಿದ್ರು?”

ಮೂತ್ರಕೋಶ ಅಳೆಯುವ ಸ್ಕ್ಯಾನರು ಆ ಆಸ್ಪತ್ರೆಯ ಉತ್ಸವಮೂರ್ತಿ. ತಪಾಸಣಾ ತಂಡ ಬಂದ ದಿನ ಮಾತ್ರ ಅದಕ್ಕೆ ಬೀರುವಿನಿಂದ ಬಿಡುಗಡೆ. ನಸೀಮಾ ಬೀಗ ತೆಗೆಸಿ ತಂದು ಹೊಟ್ಟೆಯ ಮೇಲಿಟ್ಟಳು. ಏಳುನೂರ ನಲವತ್ತು ಮಿಲಿಲೀಟರು.

“ಟಿಕ್ ಆಗಿತ್ತಲ್ಲ ಸಿಸ್ಟರ್,” ಎಂದರು ಮುನೀಂದ್ರ.

“ಟಿಕ್ಕು ಚೌಕಕ್ಕೆ ಬಿದ್ದಿದೆ ಡಾಕ್ಟ್ರೇ, ಜಾಡಿಗೆ ಏನೂ ಬಿದ್ದಿಲ್ಲ.”

ನಳಿಕೆ ಮತ್ತೆ ಸೇರಿತು, ಬಿಡುಗಡೆ ನಿಂತಿತು. ಮೂರು ದಿನ ಮೂತ್ರಕೋಶಕ್ಕೆ ವಿಶ್ರಾಂತಿ ಕೊಟ್ಟು, ಮಾರ್ಚ್ ೧೭ರ ಶುಕ್ರವಾರ ಬೆಳಿಗ್ಗೆ ಆರಕ್ಕೆ ನಳಿಕೆ ತೆಗೆದು, ಅಳತೆಯ ಜಾಡಿಯೊಂದನ್ನು ನಸೀಮಾ ಅವರ ಕೈಗಿತ್ತಳು. ಒಂಬತ್ತೂ ಇಪ್ಪತ್ತಕ್ಕೆ ಆನಂದಪ್ಪ ಅದನ್ನು ತೀರ್ಥದಂತೆ ಎರಡೂ ಕೈಯಲ್ಲಿ ಹಿಡಿದು ಹೊರಬಂದರು.

“ತಕ್ಕಳಮ್ಮ. ಓಗಿದ್ದೂ ಆಯ್ತು, ಬಂದಿದ್ದೂ ಆಯ್ತು.”

ಮುನ್ನೂರೈವತ್ತು. ಒಳಗೆ ಉಳಿದದ್ದು ನಲವತ್ತು ಎಂದಿತು ಸ್ಕ್ಯಾನರು. ಅಂಕಿಗೆ ಚೌಕದಲ್ಲಿ ಜಾಗವಿಲ್ಲದೆ ನಸೀಮಾ ಅಂಚಿನಲ್ಲಿ ಬರೆದಳು. ಮುನೀಂದ್ರ ಈ ಬಾರಿ ಅದನ್ನು ಓದಿ ಸಹಿ ಹಾಕಿದರು.

ಪ್ರಶ್ನೆ ಬದಲಿಸಿರೆಂಬ ಆಕೆಯ ಅರ್ಜಿಯ ಮೇಲೆ ಆಡಳಿತದವರು ಎರಡು ಸಭೆ ನಡೆಸಿದರು. ಏಪ್ರಿಲ್ ೩ರಂದು ಹೊಸ ನಮೂನೆ ಬಂತು. ಪ್ರಶ್ನೆ ಅದೇ, ಚೌಕವನ್ನು ಮಾತ್ರ ದೊಡ್ಡದು ಮಾಡಿದ್ದರು. ಅಂಕಿ ಬರೆಯಲು ನಸೀಮಾಳಿಗೆ ಅಷ್ಟರಮಟ್ಟಿಗೆ ಅನುಕೂಲವಾಯಿತು.