ಬಾಯಿ ತುಂಬ ಗುಂಡುಸೂಜಿ

ಆ ಬೀದಿಯಲ್ಲಿ ಅವಳು ಎಲ್ಲರಿಗೂ ಟೇಲರಮ್ಮ. ಬಟ್ಟೆ ಜೋಡಿಸುವಾಗ ಅವಳ ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿಗಳಿರುತ್ತಿದ್ದವು. ಕೈಗಳೆರಡೂ ಬಟ್ಟೆಯ ಮೇಲಿರುವುದರಿಂದ, ಟೇಪು ಬೇಕಾದರೆ ಅದರತ್ತ ಗದ್ದ ಎತ್ತುವಳು. ಪಕ್ಕದಲ್ಲಿ ಅಂಗಿಯ ಗುಂಡಿಗಳಿಗೆ ಕಾಜಾ ಹಾಕುತ್ತ ಕೂತ ಅತ್ತೆ ತೆಗೆದುಕೊಡುವರು. ಸೊಸೆ ಬಂದಾಗಿನಿಂದ ಮನೆಯಲ್ಲಿ ಜಗಳವೇ ಆಗಿಲ್ಲ, ಆ ಪುಣ್ಯವೆಲ್ಲ ಸೂಜಿಗಳದ್ದು ಎನ್ನುವುದು ಅತ್ತೆಯ ಹಳೆಯ ತಮಾಷೆ.

ಮಗನಿಗೆ ವರ್ಷ ತುಂಬುತ್ತ ಬಂದಿತ್ತು. ಹೊಲಿಗೆ ಯಂತ್ರದೊಳಗಿನ ಪುಟ್ಟ ದಾರದುರುಳೆಯಂತೆ ದುಂಡಗಿದ್ದು, ಬಿಟ್ಟಲ್ಲಿಂದ ಉರುಳುವುದರಿಂದ ಅವನಿಗೆ ಬಾಬಿನ್ ಎಂಬ ಹೆಸರು ಅಂಟಿಕೊಂಡಿತ್ತು. ಲಸಿಕೆಗೆ ಹೋದಾಗ ನರ್ಸು, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನಾ ಎಂದು ಕೇಳಿದರು. ಇಲ್ಲವೆಂದಾಗ, ಇನ್ನೂ ಸಮಯವಿದೆ, ಗಮನಿಸುತ್ತಿರಿ ಎಂದರು.

ಅಲ್ಲಿಂದ ಟೇಲರಮ್ಮ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಅಂಗಿಯ ಎಡತೋಳನ್ನು ಬಲಕ್ಕೆ ಹೊಲಿದು ಬಿಚ್ಚಿದಳು. ಕೆಲಸ ಅರ್ಧಕ್ಕೆ ಬಿಟ್ಟು ಮಗುವಿನೆದುರು ಕೂತು, ಬೆರಳು ಚಾಚಿ ಫ್ಯಾನು ತೋರಿಸಿದಳು, ಕಿಟಕಿ ತೋರಿಸಿದಳು. ಬಾಬಿನ್ ಆ ಬೆರಳನ್ನೇ ಹಿಡಿದು ಬಾಯಿಗಿಟ್ಟುಕೊಂಡ. ಪಕ್ಕದ ಮನೆಯ ಕೂಸು ಇವನಿಗಿಂತ ಚಿಕ್ಕದು. ಅದು ಬೀದಿಯ ನಾಯಿಗಳನ್ನೆಲ್ಲ ಬೆರಳು ಮಾಡಿ ತೋರಿಸುತ್ತಿತ್ತು. ಅದನ್ನು ನೋಡಬಾರದೆಂದು ಅವಳು ಕಿಟಕಿಯನ್ನೇ ಮುಚ್ಚಿದಳು. ಸೆಖೆಗೆ ಮತ್ತೆ ತೆರೆದಳು.

"ನಿನ್ನ ಗಂಡ ಮಾತಾಡಿದ್ದೂ ತಡವಾಗೇ ಕಣೇ. ಈಗ ಅವನ ಬಾಯಿ ಮುಚ್ಚಿಸೋರು ಯಾರು?" ಎಂದರು ಅತ್ತೆ. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಒಂದು ಮಧ್ಯಾಹ್ನ ಅವಳು ಅವಸರದ ಕೋಟೊಂದಕ್ಕೆ ಸೂಜಿ ಚುಚ್ಚುತ್ತಿದ್ದಳು. ಮೇಜಿನ ಅಂಚಿನಲ್ಲಿ ಕೆಂಪು ದಾರದ ರೀಲಿತ್ತು. ನೆಲದಲ್ಲಿದ್ದ ಬಾಬಿನ್ ತುಟಿ ಬಿಗಿದು, ರೀಲಿನತ್ತ ಗದ್ದ ಎತ್ತಿದ. ಅಜ್ಜಿಯ ಮುಖ ನೋಡಿದ. ಮತ್ತೆ ರೀಲು ನೋಡಿ ಗದ್ದ ಎತ್ತಿದ. ಅತ್ತೆ ರೀಲು ತೆಗೆದು ಅವನ ಕೈಗಿಟ್ಟು, ಏನೂ ಆಗಿಲ್ಲವೆಂಬಂತೆ ಕಾಜಾಕ್ಕೆ ಮರಳಿದರು.

ಟೇಲರಮ್ಮ ಬಾಯಿಯ ಸೂಜಿಗಳನ್ನೆಲ್ಲ ತೆಗೆದಳು.

"ಅತ್ತೆ, ಇವನು ಯಾವಾಗಿಂದ ಹೀಗೆ ಕೇಳ್ತಾನೆ?"

"ಯಾವಾಗಿಂದ ಅಂದ್ರೆ? ನೀನು ಕೇಳೋ ಹಾಗೇ ಕೇಳ್ತಾನೆ. ನಿಮ್ಮಿಬ್ಬರಿಗೂ ಕೊಟ್ಟೂ ಕೊಟ್ಟೂ ನನ್ನ ಸೊಂಟ ಬಿದ್ದುಹೋಯ್ತು."

ಮರುದಿನವೇ ಅವಳು ಮಗುವನ್ನು ಎತ್ತಿಕೊಂಡು ನರ್ಸಿನ ಬಳಿ ಓಡಿ, ಕಂಡದ್ದನ್ನೆಲ್ಲ ಹೇಳಿದಳು. ವಸ್ತು ನೋಡಿ, ಆಮೇಲೆ ಮನೆಯವರ ಮುಖ ನೋಡುತ್ತಾನಲ್ಲ, ಮುಖ್ಯವಾದದ್ದು ಅದೇ, ಎಂದರು ನರ್ಸು. ನೀವು ಗದ್ದ ಎತ್ತುವುದನ್ನು ಕಂಡು ಅದನ್ನು ಕಲಿತಿದ್ದಾನೆ, ಬೆರಳು ಮಾಡಿ ಕೇಳುವುದನ್ನು ಕಂಡರೆ ಅದನ್ನೂ ಕಲಿಯಬಹುದು. ಮುಂದಿನ ಸಲ ನೋಡೋಣ, ಅಲ್ಲಿಯವರೆಗೆ ಅವನ ಜೊತೆ ಮಾತಾಡುತ್ತಿರಿ.

ಸೂಜಿಗಳೀಗ ಮಣಿಕಟ್ಟಿಗೆ ಕಟ್ಟಿದ ಪುಟ್ಟ ದಿಂಬಿನಲ್ಲಿವೆ. ಟೇಪು ಬೇಕಾದರೆ ಟೇಲರಮ್ಮ ಬೆರಳು ಮಾಡಿ, ಬಾಯಿಬಿಟ್ಟೇ ಕೇಳುತ್ತಾಳೆ. ಕೇಳಿ, ಬಾಬಿನ್ನನ ಕೈಯತ್ತ ಒಮ್ಮೆ ಕಣ್ಣು ಹಾಯಿಸುತ್ತಾಳೆ. ಅತ್ತೆ ಸೊಸೆಯರ ಮೊದಲ ಜಗಳವೂ ಆಯಿತು, ಕಿಟಕಿ ತೆರೆದಿಡುವ ವಿಚಾರಕ್ಕೆ. ಬಾಬಿನ್ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಕಣ್ಣು ಹೊರಳಿಸುತ್ತ, ಕೊನೆಯವರೆಗೂ ಕೂತು ಕೇಳಿದ.