ಕಣ ಕಾಯುತ್ತಿದ್ದ ದೇವೀರಮ್ಮ

ದೇವೀರಮ್ಮ ಸೂರ್ಯನಿಗೂ ಬೈಯುತ್ತಿದ್ದಳು. ಹೊಂಗಡಹಳ್ಳದ ಎಸ್ಟೇಟಿನ ಕಣದಲ್ಲಿ ಕಾಫಿ ಹರವಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ನೋಡಿ ಕೂಗುವಳು: "ಬಾರೋ ಬೇವಾರ್ಸಿ, ಮೋಡದ ಸಂದೀಲಿ ಏನ್ ಮಾಡ್ತಾ ಇದ್ದೀಯ?" ಕಾಗೆಗೆ, ಕಣದ ಮೇಲೆ ಚಪ್ಪಲಿಯಲ್ಲಿ ನಡೆದ ಡ್ರೈವರನಿಗೆ, ಅಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನನ್ನ ಅಪ್ಪನಿಗೆ, ಎಲ್ಲರಿಗೂ ಒಂದೇ ಗಂಟಲು. ನಾನು ಬಿದ್ದು ಮಂಡಿ ಒಡೆದುಕೊಂಡಾಗ ಗಾಯಕ್ಕೆ ಕಾಫಿಪುಡಿ ಒತ್ತುತ್ತ, "ಇನ್ನೂ ಜೋರಾಗಿ ಅಳು ಮಗಾ, ನಿಮ್ಮಪ್ಪಂಗೆ ಕೇಳ್ಲಿ. ಆವಾಗ್ಲಾದ್ರೂ ಕುರ್ಚಿ ಬಿಟ್ಟು ಏಳ್ತಾನೇನೋ" ಎಂದಿದ್ದಳು. ಅಮ್ಮನ ಹತ್ತಿರಕ್ಕಿಂತ ಹೆಚ್ಚು ಹೊತ್ತು ನಾನು ಅವಳ ಬೈಗುಳ ಕೇಳಿಸುವಷ್ಟು ದೂರದಲ್ಲೇ ಇರುತ್ತಿದ್ದೆ.

ಕಾಫಿ ಒಣಗಿದೆಯೋ ಇಲ್ಲವೋ ಎಂದು ಅವಳು ಒಂದು ಬೀಜವನ್ನು ದವಡೆ ಹಲ್ಲಿಗಿಟ್ಟು ಕಚ್ಚಿ ಹೇಳುತ್ತಿದ್ದಳು. ಹಲ್ಲು ಇಳಿದರೆ ಹಸಿ. ಕಟ್ ಎಂದರೆ ಮೂಟೆ ಕಟ್ಟಬಹುದು. ನನಗೆ ಒಂಬತ್ತು ವರ್ಷವಾಗಿದ್ದಾಗ ಒಂದು ದಿನ ಅಪ್ಪನಿಗೆ ಯಾರದೋ ಮದುವೆಗೆ ಹೊರಡುವ ಅವಸರ. ಮೂಟೆ ಕಟ್ಟಿಸಲು ನಿಂತರು.

"ಇನ್ನೆರಡು ಬಿಸಿಲು ಬೇಕು ರೈಟ್ರೇ. ಹಲ್ಲು ಇಳೀತಾ ಐತೆ. ಈಗ ಕಟ್ಟಿದ್ರೆ ಬೂಸ್ಟು ಹಿಡೀತದೆ."

"ಬಾಯಿ ಮುಚ್ಚಿಕೊಂಡು ತುಂಬು."

ನಾನು ಪಕ್ಕದಲ್ಲೇ ಕಣದ ಕಟ್ಟೆಯ ಮೇಲೆ ಕೂತಿದ್ದೆ. ಸ್ಟೋರಿನಲ್ಲಿ ಕೂತ ಮೂಟೆಗಳಿಗೆ ತಿಂಗಳೊಳಗೆ ಬೂಸ್ಟು ಹಿಡಿಯಿತು. ಬೆಳಗಿನ ಹಾಜರಿಯಲ್ಲಿ, ಆಳುಗಳೆಲ್ಲ ಸಾಲಾಗಿ ನಿಂತಿದ್ದಾಗ, ಅಪ್ಪ ಸಾಹುಕಾರರಿಗೆ ಹೇಳಿದರು: "ಒಣಗಿದೆ ಅಂತ ಇವಳೇ ಹೇಳಿದಳು. ಬೇಕಾದರೆ ನನ್ನ ಮಗನನ್ನೇ ಕೇಳಿ." ಸಾಹುಕಾರರು ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆ ಆಡಿಸಿದೆ. ಅದೇ ವಾರ ದೇವೀರಮ್ಮ ಆಳುಗಳ ಸಾಲಿನ ಲೈನ್ ಮನೆ ಖಾಲಿ ಮಾಡಿದಳು. ಆ ಬೇಸಿಗೆಯಲ್ಲೇ ಅಪ್ಪನಿಗೆ ಟಾಂಜಾನಿಯಾದ ಒಂದು ಕಾಫಿ ತೋಟದಲ್ಲಿ ಕೆಲಸ ಸಿಕ್ಕಿ, ನಾವು ದೇಶವನ್ನೇ ಬಿಟ್ಟೆವು.

ನನಗೆ ನೆನಪಿರುವುದು ಹೀಗೆ. ಆದರೆ ಅಪ್ಪ ಸಾಯುವವರೆಗೂ ಹೇಳಿದ್ದು ಒಂದೇ ಮಾತು: "ಅವಳು ಅವತ್ತು ತುಟಿ ಬಿಚ್ಚಲಿಲ್ಲ. ನೀನು ಕನಸು ಕಂಡಿದ್ದೀಯ." ಟಾಂಜಾನಿಯಾದಲ್ಲೇ ಉಳಿದು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುವ ನಾನು, ಮಕ್ಕಳ ನೆನಪನ್ನು ಸಾಕ್ಷ್ಯವೆಂದು ನಂಬಬಾರದು ಎಂದು ವಿದ್ಯಾರ್ಥಿಗಳಿಗೂ ನನಗೂ ಹೇಳಿಕೊಂಡು ಬಂದೆ. ಎಷ್ಟು ಅನುಕೂಲದ ಸಂಶಯ! ನೆನೆದರೆ ಈಗ ಮೈ ಉರಿಯುತ್ತದೆ.

ಮೂವತ್ತು ವರ್ಷಗಳ ಮೇಲೆ, ಈ ಜನವರಿಯಲ್ಲಿ, ಅಲ್ಲಿಯವಳೇ ಆದ ಹೆಂಡತಿ ನೀಮಾ ಮತ್ತು ಮಗಳೊಡನೆ ಹೊಂಗಡಹಳ್ಳಕ್ಕೆ ಹೋದೆ. ನಾವಿದ್ದ ಕ್ವಾರ್ಟರ್ಸ್ ಹೋಂಸ್ಟೇ ಆಗಿದೆ. ಕಣದಲ್ಲಿ ಅತಿಥಿಗಳ ಕಾರುಗಳು ನಿಲ್ಲುತ್ತವೆ. ದೇವೀರಮ್ಮನ ಬೈಗುಳಗಳನ್ನು ನನ್ನಿಂದ ಕೇಳಿ ಕೇಳಿ ಬಾಯಿಪಾಠ ಮಾಡಿದ್ದ ಮಗಳು, "ಅವಳ ಮನೆ ಯಾವುದು ಅಪ್ಪ?" ಎಂದಳು. ಲೈನ್ ಇದ್ದ ಜಾಗದಲ್ಲಿ ನೀಲಿ ಈಜುಕೊಳವಿತ್ತು. ಹಾಜರಿಯ ಸಂಗತಿಯನ್ನು ನಾನು ಅವಳಿಗೆ ಎಂದೂ ಹೇಳಿರಲಿಲ್ಲ.

ದೇವೀರಮ್ಮ ಬದುಕಿದ್ದಾಳೆ, ಬೆಳಗೋಡಿನಲ್ಲಿ ಮಗಳ ಮನೆಯಲ್ಲಿದ್ದಾಳೆ ಎಂದು ಗೇಟಿನವನು ಹೇಳಿದ. ಹೋದೆವು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಮೈ ಇಳಿದಿತ್ತು, ಗಂಟಲು ಇಳಿದಿರಲಿಲ್ಲ.

"ರೈಟ್ರ ಮಗನಾ? ನಿಮ್ಮಪ್ಪ ಬದುಕವ್ನಾ?"

"ಇಲ್ಲ ದೇವೀರಮ್ಮ, ಹೋದ ವರ್ಷ ತೀರಿಕೊಂಡರು."

"ಥೂ, ಅವ್ನೂ ಹೋಗ್ಬುಟ್ನಾ! ಇನ್ ಯಾರ್ನ ಹಿಡ್ಕೊಂಡು ಕೇಳ್ಲಿ ನಾನು?"

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಆಡಿದೆ: "ಒಣಗಿಲ್ಲ ಅಂತ ನೀವು ಅವತ್ತು ಹೇಳಿದ್ದು ನನಗೆ ಕೇಳಿಸಿತ್ತು ಅಂತ ಅನ್ನಿಸುತ್ತೆ."

ಅವಳ ಕೈ ನಿಂತಿತು.

"ಅನ್ನುಸ್ತದಾ? ಪಾತ್ರೆ ಪಡಗ ಹೊತ್ಕೊಂಡು ಲೈನಿಂದ ಆಚೆಗೆ ನಡೆದ್ನಲ್ಲ, ಅದೂ ಅನ್ನಿಸಿದ್ದೇನೋ? ಕಾಫಿ ಕೆಡಿಸಿದೋಳು ಅಂತ ಯಾವ ಕಣಕ್ಕೂ ಸೇರಿಸ್ಲಿಲ್ಲ ಕಣೋ ನನ್ನ. ಗೊಬ್ರ ಹೊತ್ತೆ. ಕೇಳಿಸ್ತೋ ಇಲ್ವೋ, ಅಷ್ಟು ಹೇಳು."

"ಕೇಳಿಸಿತು."

"ನಂಗ್ಯಾಕ್ ಹೇಳ್ತೀಯ? ನಂಗೊತ್ತಿಲ್ವಾ?" ಕಂಬ ಹಿಡಿದು ಎದ್ದು ಬೀದಿಗೆ ಕೂಗಿದಳು: "ಏ ಗೌರೀ, ಬಾರೇ ಇಲ್ಲಿ! ಶಿವಣ್ಣ, ಬೀಡಿ ಆಮೇಲೆ ಸೇದೀವಂತೆ, ಬಾ!"

ಆರೇಳು ಜನ ಸೇರಿದರು. ನಾನು ತಗ್ಗಿದ ದನಿಯಲ್ಲಿ ಶುರು ಮಾಡಿದೆ.

"ಜೋರಾಗಿ! ಅವತ್ತು ಎಲ್ರಿಗೂ ಕಾಣಂಗೆ ತಲೆ ಆಡಿಸ್ದ್ಯಲ್ಲ."

ಜೋರಾಗಿ ಹೇಳಿದೆ. ಕಾಫಿ ಒಣಗಿಲ್ಲವೆಂದು ದೇವೀರಮ್ಮ ಹೇಳಿದ್ದಳು. ನನ್ನ ಅಪ್ಪ ಸುಳ್ಳು ಹೇಳಿದರು. ನಾನೂ ಹೇಳಿದೆ. ಕನ್ನಡ ಬಾರದ ನೀಮಾ ಜನರ ಮುಖಗಳನ್ನು ನೋಡುತ್ತಿದ್ದಳು. ಕನ್ನಡ ಬರುವ ಮಗಳು ನನ್ನ ಮುಖವನ್ನು.

"ಕೇಳಿಸ್ತೇನ್ರೋ?"

"ಕೇಳಿಸ್ತು ಕಣಮ್ಮ" ಎಂದ ಶಿವಣ್ಣ.

ದೇವೀರಮ್ಮ ಮತ್ತೆ ಕೂತು ಮೊರವನ್ನು ಮಡಿಲಿಗೆ ಎಳೆದುಕೊಂಡಳು. ನನ್ನತ್ತ ನೋಡಲಿಲ್ಲ. ನಾವು ಮೆಟ್ಟಿಲಿಳಿಯುವಾಗ ನನ್ನ ಮಗಳನ್ನು ಕರೆದಳು.

"ಏ ಕೂಸೇ, ನೀನು ಬೇಕಾದ್ರೆ ಇನ್ನೊಂದ್ಸಲ ಬಾರವ್ವ. ಇವನ್ನ ಕರ್ಕೊಂಬರ್ಬ್ಯಾಡ."