ವರ್ನಾ ಮರೆತ ಪೆನ್ಸಿಲ್ ಗೆರೆ

ವರ್ನಾ ಸ್ಟಾಡರ್ಡ್ ಮೂವತ್ತೊಂದು ವರ್ಷ ನಮ್ಮೂರಿನ ಶಾಲೆಯ ಬಸ್ಸು ಓಡಿಸಿದಳು. ಕೊನೆಯ ಮಗು ಕೂತು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳುವ ತನಕ ಅವಳ ಬಸ್ಸು ಕದಲುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಹಿತ್ತಲಿನ ಶೆಡ್ಡಿನಲ್ಲಿ ಹಾವು ಸಾಕಿ ಮರಿ ಮಾಡಿಸತೊಡಗಿದಳು. ಒಕ್ಲಹೋಮಾದ ನಮ್ಮ ಕಡೆ ಅದೇನು ವಿಶೇಷವಲ್ಲ. ಕೆಲವರ ಹಿತ್ತಲಲ್ಲಿ ಮೊಲ, ಕೆಲವರ ಹಿತ್ತಲಲ್ಲಿ ಹೆಬ್ಬಾವು. ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ, ತೋಳಿಗಿಂತ ದಪ್ಪವಾಗದ ಸಾಧು ಜಾತಿ ಅದು. ಪಕ್ಕದ ಮನೆಯವಳಾದ ನಾನೂ ಎರಡು ಸಾಕಿದ್ದೇನೆ.

ಓಪಲ್ ಅವಳ ಮೊದಲ ಹೆಣ್ಣು ಹಾವು. ಆರು ಸಲ ಮೊಟ್ಟೆ ಇಟ್ಟಿದ್ದಳು. ಆರು ಸಲವೂ ವರ್ನಾ ನಾವೆಲ್ಲ ಮಾಡುವಂತೆಯೇ ಮಾಡಿದ್ದಳು: ಇಟ್ಟ ದಿನವೇ ಪ್ರತಿ ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಎತ್ತಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುವುದು. ಒಳಗಿನ ಜೀವ ಒಮ್ಮೆ ನೆಲೆಗೊಂಡರೆ ಮೊಟ್ಟೆ ಮಗುಚಬಾರದು, ಮಗುಚಿದರೆ ಉಳಿಯುವುದು ಕಷ್ಟ. ಆಮೇಲೆ ತಾಯಿಗೆ ಸ್ನಾನ. ಮೈಯಿಂದ ಮೊಟ್ಟೆಯ ವಾಸನೆ ಹೋದರೆ ಹಾವು ಮರೆಯುತ್ತದೆ, ಊಟಕ್ಕೆ ಬಾಯಿ ತೆರೆಯುತ್ತದೆ. ತೊಳೆಯದಿದ್ದರೆ ಬರಿಯ ಜಾಗವನ್ನೇ ಸುತ್ತಿಕೊಂಡು ಕೂರುತ್ತದೆ.

ಏಳನೆಯ ಸಲ ವರ್ನಾ ಮೊಟ್ಟೆ ಎತ್ತಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಬೀನ್ಸ್ ಉಣ್ಣುತ್ತ ನನಗೆ ಹೇಳಿದಳು: "ಆರು ಸಲ ಕಿತ್ಕೊಂಡೆ. ಒಂದು ಸಲ ಅವಳೇ ಕೂತ್ಕೊಳ್ಳಲಿ ಬಿಡು."

ಅವಳಿಗೆ ಗಂಡು ಹಾವು ಮಾರಿದ್ದ ಮರ್ಲ್ ಶೆಡ್ಡಿಗೆ ಬಂದು ನೋಡಿ ತಲೆಯಾಡಿಸಿದ. "ಅದು ಹಾವು ಕಣೆ ತಾಯಿ, ನಿನ್ನ ಬಸ್ಸಿನ ಮಗು ಅಲ್ಲ."

"ನಿನ್ನ ನಾಲ್ಕು ಮಕ್ಕಳನ್ನ ಹೊತ್ತು ತಿರುಗಿದೋಳು ನಾನು. ಯಾವುದು ಹಾವು, ಯಾವುದು ಮಗು, ನನಗೆ ಗೊತ್ತಿದೆ."

ಕಾವು ಕೂತ ಹಾವು ಉಣ್ಣುವುದಿಲ್ಲ. ಓಪಲ್ ಗರ್ಭ ಕಟ್ಟಿದಾಗಿನಿಂದಲೇ ಉಪವಾಸ. ಇಪ್ಪತ್ತನೆಯ ದಿನದ ಹೊತ್ತಿಗೆ ಅವಳ ಬೆನ್ನುಮೂಳೆ ಡೇರೆಯ ಹಗ್ಗದಂತೆ ಎದ್ದು ಕಾಣುತ್ತಿತ್ತು. ಪ್ರಾಣಿವೈದ್ಯರು ಫೋನಿನಲ್ಲಿ ಹೇಳಿದ್ದು ಇಷ್ಟೇ: ಇನ್ನೊಂದು ತಿಂಗಳು ಹೀಗೇ ಕೂತರೆ ತಾಯಿ ಉಳಿಯುವ ಭರವಸೆ ಇಲ್ಲ, ಮೊಟ್ಟೆ ತೆಗೆದುಬಿಡಿ.

ಆ ಬೆಳಿಗ್ಗೆಯೆಲ್ಲ ವರ್ನಾ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದಳು. ಮಧ್ಯಾಹ್ನ ನನ್ನನ್ನು ಕರೆದಳು. ನಾನು ಟವೆಲ್ಲಿನಲ್ಲಿ ಓಪಲ್‌ಳ ತಲೆ ಹಿಡಿದೆ, ವರ್ನಾ ಒಂದೊಂದೇ ಸುತ್ತು ಬಿಡಿಸಿದಳು. ಒಂದು ಸುತ್ತು ಸಡಿಲವಾದರೆ ಇನ್ನೊಂದು ಬಿಗಿಯುತ್ತಿತ್ತು. ಈ ಸಲದ ಆರು ಮೊಟ್ಟೆಗಳೂ ಒಂದಕ್ಕೊಂದು ಅಂಟಿಕೊಂಡಿದ್ದವು. ಕೊನೆಯ ಸುತ್ತು ಬಿಡಿಸುವಾಗ ಎರಡು ಮೊಟ್ಟೆ ಕಿತ್ತುಬಂದು ಉರುಳಿದವು. ಗೊಂಚಲಾಗಿಯೇ ಉಳಿದ ನಾಲ್ಕರದು ಯಾವ ಬದಿ ಮೇಲಿತ್ತೆಂದು ತಿಳಿಯುತ್ತಿತ್ತು. ಉರುಳಿದ ಎರಡರದು ತಿಳಿಯಲಿಲ್ಲ. ವರ್ನಾಳ ಕೈ ತಾನಾಗಿ ಕಿವಿಯ ಹಿಂದಕ್ಕೆ ಹೋಯಿತು. ಪೆನ್ಸಿಲ್ ಅಲ್ಲೇ ಇತ್ತು. ಸುತ್ತು ಬಿಡಿಸುವ ಗಡಿಬಿಡಿಯಲ್ಲಿ ಗೆರೆ ಎಳೆಯುವುದನ್ನು ಮರೆತಿದ್ದಳು.

ಆರನ್ನೂ ಪೆಟ್ಟಿಗೆಯಲ್ಲಿಟ್ಟು, ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿಸಿ, ಓಪಲ್‌ಳನ್ನು ತಲೆಯಿಂದ ಬಾಲದ ತನಕ ಮೂರು ಸಲ ತೊಳೆದಳು.

ಸಂಜೆ ಹೋಗಿ ನೋಡಿದರೆ ಓಪಲ್ ನೀರಿನ ಬಟ್ಟಲನ್ನು ಸುತ್ತಿಕೊಂಡು ಕೂತಿದ್ದಳು. ಮೂರು ದಿನ ಬಿಟ್ಟು ಮತ್ತೆ ತೊಳೆದೆವು, ಹಾಸಿದ್ದ ಹೊಟ್ಟನ್ನೆಲ್ಲ ಬದಲಿಸಿದೆವು. ಇಟ್ಟ ಇಲಿ ಇಟ್ಟಲ್ಲೇ ಇರುತ್ತಿತ್ತು. ಮರ್ಲ್ ಎರಡು ಸಲ ಬಂದ. ಎರಡನೆಯ ಸಲ ಅವನು ತಮಾಷೆ ಮಾಡಲಿಲ್ಲ.

"ಅವಳನ್ನೇನೋ ತೊಳೆದೆ. ನಿನ್ನನ್ನ ಯಾರು ತೊಳೀಬೇಕು?" ಎಂದ.

"ನನಗೆ ಮರೆಯೋದು ಬೇಡ, ಮರ್ಲ್. ಅವಳು ಮರೆತರೆ ಸಾಕು," ಎಂದಳು. ಗಂಡು ಹಾವನ್ನು ವಾಪಸು ಕರೆದುಕೊಂಡು ಹೋಗು, ಓಪಲ್‌ಗೆ ಇನ್ನು ಮೊಟ್ಟೆ ಬೇಡ ಅಂದಳು. ಮರ್ಲ್ ವಾದ ಮಾಡದೆ, ಹಾವನ್ನು ಚೀಲಕ್ಕೆ ಹಾಕಿಕೊಂಡು ಹೋದ.

ಮೊಟ್ಟೆ ತೆಗೆದ ಹನ್ನೊಂದನೆಯ ದಿನ ಪೆಟ್ಟಿಗೆ ತೆರೆದಾಗ ನಾಲ್ಕು ಮೊಟ್ಟೆ ಬೆಳ್ಳಗೆ ಉಬ್ಬಿಕೊಂಡಿದ್ದವು. ಉರುಳಿದ್ದ ಎರಡು ಕುಗ್ಗಿ, ಹಸಿರು ಬೂಷ್ಟು ಹಿಡಿದಿದ್ದವು. ವರ್ನಾ ಅವನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡು ನಿಂತಿದ್ದಾಗಲೇ ಹಿಂದಿನಿಂದ ಧಪ್ಪೆಂದು ಸದ್ದಾಯಿತು. ತಿರುಗಿದೆವು. ಓಪಲ್ ಬಟ್ಟಲನ್ನು ಬಿಟ್ಟಿದ್ದಳು. ಬೆಳಿಗ್ಗೆ ಇಟ್ಟಿದ್ದ ಇಲಿ ಈಗ ಅವಳ ಸುರುಳಿಯೊಳಗಿತ್ತು.

ವರ್ನಾ ನೆಲದ ಮೇಲೆ ಕೂತುಬಿಟ್ಟಳು. ಓಪಲ್ ಇಲಿಯನ್ನು ಪೂರ್ತಿ ನುಂಗುವ ತನಕ ವರ್ನಾ ಅಲ್ಲಿಂದ ಕದಲಲಿಲ್ಲ.

ಆಮೇಲೆ ಹಿತ್ತಲಿನ ಪೆಕಾನ್ ಮರದ ಬುಡದಲ್ಲಿ ಗೇಣುದ್ದದ ಗುಂಡಿ ತೋಡಿದಳು. ಹೂಳುವ ಮುನ್ನ ಕಿವಿಯ ಹಿಂದಿನ ಪೆನ್ಸಿಲ್ ತೆಗೆದಳು. ಒಂದೊಂದು ಮೊಟ್ಟೆಯನ್ನೂ ತಿರುಗಿಸಿ ನೋಡಿದಳು, ಮತ್ತೆ ತಿರುಗಿಸಿದಳು. ಕೊನೆಗೆ ಒಂದು ಬದಿಯನ್ನು ಆರಿಸಿ ಮೆಲ್ಲಗೆ ಗೆರೆ ಎಳೆದಳು. ಅದು ಸರಿಯಾದ ಬದಿಯೇ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ. ಗೆರೆ ಮೇಲೆ ಬರುವಂತೆ ಎರಡನ್ನೂ ಇಟ್ಟು, ಉರುಳದ ಹಾಗೆ ಸುತ್ತಲೂ ಮಣ್ಣು ಒತ್ತಿದಳು.